ಎರಡಕ್ಕೂ ಒಂದೇ ಅಕ್ಷರ

ಗಾನವಿ ಮತ್ತೆ ಫಾಂಟ್ ಬದಲಿಸಿ ಪ್ರಿಂಟ್ ಒತ್ತಿದಳು. ಜನಕಪುರಿಯ ಫ್ಲ್ಯಾಟಿನ ಹಾಲ್‌ನಲ್ಲಿ ಅವಳ ಅಮ್ಮ ಹಂಸಾ ಐಸ್ ಪೆಟ್ಟಿಗೆಯೊಳಗೆ ಮಲಗಿದ್ದಳು. ಅಂತ್ಯಕ್ರಿಯೆಯ ಸೂಚನೆ ಬಂಧುಗಳ ಫೋನಿಗೂ ಹೋಗಬೇಕು, ಕಾಗದವಾಗಿ ಕಾಲೊನಿಯ ಗೇಟಿಗೂ ಅಂಟಬೇಕು.

"ಅಪ್ಪಾ, ಇದು ಅಚ್ಛಾ ಇದೆ ನಾ?"

ದಕ್ಷಿಣಾಮೂರ್ತಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಫೋನಲ್ಲಿ ಚೆನ್ನಾಗಿತ್ತಮ್ಮ. ಇಲ್ಲಿ ನನ್ನ ಹೆಸರಿನ ಒತ್ತು ಕೆಳಗಿಳಿದು ಟೈಮನ್ನೇ ಮುಚ್ಚಿಬಿಟ್ಟಿದೆ."

"ಹಾಗಾದ್ರೆ ಪ್ರಿಂಟ್‌ಗೆ ಅಲಗ್ ಫೈಲ್ ಮಾಡ್ತೀನಿ, ಫೋನಿಗೆ ಬೇರೆ."

"ಬೇಡ ಗಾನವಿ," ಎಂದ ಜೀವನ್. ಹಂಸಾಳ ನೋಯ್ಡಾ ಆಫೀಸಿನವನು. "ಟೈಮ್ ಬದಲಾದ್ರೆ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೀತೀವಿ. ಮೇಡಂ ಶ್ರೀವತ್ಸ ಸರ್ ಜೊತೆ ಜಗಳ ಆಡಿದ್ದು ಎರಡಕ್ಕೂ ಒಂದೇ ಅಕ್ಷರ ಇರಲಿ ಅಂತಾನೇ ಅಲ್ವಾ?"

ಆ ಜಗಳ ಗಾನವಿಗೂ ನೆನಪಿತ್ತು. ರಜೆಯಲ್ಲಿ ಅಮ್ಮನ ಜೊತೆ ಆಫೀಸಿಗೆ ಹೋಗಿದ್ದಳು.

*

ರೋಗಿಗೆ ಅಳತೆಯಾಗಿ ಔಷಧಿ ಹರಿಸುವ ಪಂಪುಗಳನ್ನು ಆಸ್ಪತ್ರೆಗಳಿಗೆ ಮಾಡಿಕೊಡುವ ಕಂಪನಿ. ಹಂಸಾ ಬರೆದದ್ದೇ ಕೈಪಿಡಿಯಾಗಿ ಅಚ್ಚಾಗುತ್ತಿತ್ತು, ಪಂಪಿನ ಪರದೆಯ ಮೇಲೆ ಮೂಡುವ ಸೂಚನೆಯೂ ಆಗುತ್ತಿತ್ತು. ಮುಖ್ಯಸ್ಥ ಶ್ರೀವತ್ಸರು ಎಳೆಯಂಥ ತೆಳು ಅಕ್ಷರ ಆರಿಸಿದ್ದರು.

"ಪರದೆ ಮೇಲೆ ಎಷ್ಟು ಅಂದ ನೋಡಿ!"

"ಅಂದಕ್ಕೆ ಮದುವೆ ಕಾಗದ ಇದೆ ಸರ್. ಬನ್ನಿ," ಎಂದು ಹಂಸಾ ಅವರನ್ನು ಹತ್ತಿರದ ಆಸ್ಪತ್ರೆಯ ವಾರ್ಡಿಗೇ ಕರೆದೊಯ್ದಳು. ಮಂದ ಬೆಳಕಿನಲ್ಲಿ ಅಚ್ಚಿನ ಹಾಳೆಯನ್ನು ನರ್ಸ್ ಕೈಗೆ ಕೊಟ್ಟು, ಎಷ್ಟು ಎಂ.ಎಲ್. ಎಂದು ಕೇಳಿದಳು.

"ಪಂದ್ರಹ್."

1.5ರ ಚುಕ್ಕಿ ಕಾಗದದಲ್ಲಿ ಕರಗಿಹೋಗಿ, ಒಂದೂವರೆ ಹದಿನೈದಾಗಿತ್ತು. ಹಂಸಾ ತಾನು ಆರಿಸಿದ ಅಗಲ ಅಕ್ಷರದ ಹಾಳೆ ಕೊಟ್ಟಳು; ಆಮೇಲೆ ಅದೇ ಅಕ್ಷರವನ್ನು ಪರದೆಯಲ್ಲಿ ತೋರಿಸಿದಳು.

"ಡೇಢ್," ಒಂದೂವರೆ, ಎಂದಳು ನರ್ಸ್. ಪರದೆ ನೋಡಿಯೂ, "ಡೇಢ್."

ಶ್ರೀವತ್ಸರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. "ನಿಮ್ಮದೇ ಇರಲಿ," ಎಂದರು.

*

ಗಾನವಿ ಬಳ್ಳಿಬಳ್ಳಿಯ ಅಕ್ಷರ ತೆಗೆದು ದುಂಡನೆಯ, ಅಗಲವಾದ ಅಕ್ಷರ ಹಾಕಿದಳು. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಟ್ಟಳು. ಅಷ್ಟರಲ್ಲಿ ಚಿತಾಗಾರದಿಂದ ಫೋನ್ ಬಂತು: ಸರದಿ ಮುಂಚೆಯೇ ಬಂದಿದೆ, ಬೇಗ ಬನ್ನಿ. ಅವಳು ಒಂದೇ ಕಡೆ ತಿದ್ದಿದಳು; ಅದೇ ಫೋನುಗಳಿಗೂ ಗೇಟಿಗೂ ಹೋಯಿತು. ವಸಂತ್ ಕುಂಜ್‌ನಿಂದ ದೇವಕಿ ದೊಡ್ಡಮ್ಮ, ಫೋನಿನ ಸೂಚನೆಯನ್ನು ಪೊರೆ ಬಂದ ಕಣ್ಣಲ್ಲೇ ಓದಿಕೊಂಡು, ತಂಗಿಯ ಮುಖ ನೋಡಲು ಹೊತ್ತಿಗೆ ಸರಿಯಾಗಿ ಬಂದಿಳಿದರು.

ಸಂಜೆ ಚಿತಾಗಾರದವನು ಅಸ್ಥಿ ತುಂಬಲು ಖಾಲಿ ಮಡಕೆ ಮತ್ತು ಸೀಮೆಸುಣ್ಣ ಕೊಟ್ಟ. "ನಾಮ್ ಲಿಖ್ ದೀಜಿಯೇ."

ಗಾನವಿ ಅಮ್ಮನ ಹೆಸರನ್ನು ಮೊದಲು ಹಿಂದಿಯಲ್ಲಿ, ಅದರ ಕೆಳಗೆ ಕನ್ನಡದಲ್ಲಿ, ದುಂಡಗೆ, ಅಗಲವಾಗಿ, ನಿಧಾನವಾಗಿ ಬರೆದಳು. ಮಡಕೆ ಬೇರೆ ಮಡಕೆಗಳ ಸಾಲಿಗೆ ಹೋಯಿತು.

ಬೂದಿ ತಣ್ಣಗಾಗಿ ಮಡಕೆ ತುಂಬಿದ ಮೇಲೆ ಆತ ಬಾಗಿಲಲ್ಲೇ ನಿಂತು, ಒಳಗಿನ ಮಬ್ಬಿನಲ್ಲಿದ್ದ ಮಡಕೆಯ ಹೆಸರಿಗೆ ಕಣ್ಣು ಹಾಯಿಸಿ, ಒಂದಿಷ್ಟೂ ತಡವರಿಸದೆ ಮನೆಯವರನ್ನು ಕೂಗಿದ:

"ಹಂಸಾಜೀ ಕೆ ಘರ್‌ವಾಲೇ!"