ಎರಡು ಪೌಂಡಿನ ಕಪ್ಪೆರಾಜ

ಈನಿಡ್ ವ್ರಾಗ್ ಸತ್ತುಹೋಗಿದ್ದಾಳೆ ಎಂದು ಹಳೆ ಗೊಂಬೆಗಳ ವ್ಯಾಪಾರಿ ಲಯನೆಲ್ ಪೋಕಾಕ್ ಬರೆದಿದ್ದ. ಅದೂ ಇಂಟರ್‌ನೆಟ್ಟಿನಲ್ಲಿ, ಗೊಂಬೆ ಸಂಗ್ರಹಿಸುವ ಹುಚ್ಚರೆಲ್ಲ ಓದುವ ಕಡೆ: 'ಕಪ್ಪೆರಾಜ. ಹಳೆಯ ಸೀಸದ ಎರಕ. ಕೆತ್ತಿದವರು ತೀರಿಕೊಂಡಿದ್ದಾರೆ, ಅಚ್ಚು ಉಳಿದಿಲ್ಲ. ಒಂಬೈನೂರು ಪೌಂಡ್.' ಕೆತ್ತಿದವಳು ಸತ್ತರೆ ಬೆಲೆ ಏರುತ್ತದಲ್ಲ, ಸಾಯಿಸಿಬಿಟ್ಟ ಪುಣ್ಯಾತ್ಮ.

ಓದಿ ಈನಿಡ್‌ಗೆ ಮೈಯೆಲ್ಲ ಉರಿಯಿತು. ಎಪ್ಪತ್ತೊಂದರ ಹೆಂಗಸು, ನಾಟಿಂಗ್‌ಹ್ಯಾಮ್‌ನ ತನ್ನದೇ ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತಿದ್ದಾಳೆ! ಮೂರು ವರ್ಷದ ಹಿಂದೆ ಗಂಡ ಆಸ್ಪತ್ರೆಯಲ್ಲಿದ್ದಾಗ ಇದೇ ಲಯನೆಲ್ ಮನೆಗೆ ಬಂದು, "ಈ ಆಟದ ಗೊಂಬೆಗಳನ್ನ ಈಗ ಯಾರೂ ಮೂಸಿ ನೋಡಲ್ಲ, ಜಾಗ ಖಾಲಿ ಮಾಡ್ಕೊಡ್ತೀನಿ" ಎಂದು ಬೀರುವಿನಲ್ಲಿದ್ದ ನಲವತ್ತು ಕಪ್ಪೆರಾಜರನ್ನು ಐವತ್ತು ಪೌಂಡಿಗೆ ಹೊತ್ತುಕೊಂಡು ಹೋಗಿದ್ದ. ಮೂರು ತಿಂಗಳಿಗೊಂದನ್ನು ಮಾತ್ರ ಹೊರಗೆ ಬಿಡುತ್ತ, ಇದೇ ಕೊನೆಯದು ಎನ್ನುತ್ತಿದ್ದ.

ಆದರೆ ಅಟ್ಟದ ಮೇಲಿದ್ದ, ಕರಗಿದ ಸೀಸದ ಕಾವು ತಡೆಯುವ ರಬ್ಬರ್ ಅಚ್ಚು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಕೆತ್ತಿಕೊಡುತ್ತಿದ್ದ ಗೊಂಬೆ ಕಾರ್ಖಾನೆ ಮುಚ್ಚಿದಾಗ ಅಚ್ಚೂ ಹಕ್ಕೂ ಈನಿಡ್‌ಗೇ ವಾಪಸ್ ಬಂದಿದ್ದವು, ಜೊತೆಗೆ ಹಳೆಯ ಸೀಸದ ಗಟ್ಟಿಗಳೂ.

"ನೀನೂ ಗುಟ್ಟಾಗಿ ಒಂದೊಂದೇ ಮಾರೇ," ಎಂದಳು ಪಕ್ಕದ ಮನೆಯ ಮೇವಿಸ್. "ಸೋರೋ ಸೂರಾದ್ರೂ ರಿಪೇರಿ ಆಗತ್ತೆ."

"ಸೋರ್ಲಿ ಬಿಡು. ಕೆಳಗೆ ಬಕೆಟ್ ಇಡ್ತೀನಿ. ನಂಗೆ ಅವನು ನೆಲ ಕಚ್ಚೋದು ನೋಡ್ಬೇಕು."

ನವೆಂಬರ್‌ನ ಗೊಂಬೆಮೇಳದಲ್ಲಿ ಲಯನೆಲ್‌ನ ಗಾಜಿನ ಪೆಟ್ಟಿಗೆಯ ಎದುರಿಗೇ ಮೇಜು ಹಿಡಿದಳು. ಅಚ್ಚನ್ನು ಗರಗರ ತಿರುಗಿಸಿ ಸೀಸ ತುಂಬುವ ಎರಕದ ಯಂತ್ರವನ್ನೂ ತಂದಿದ್ದಳು. ಫಲಕದಲ್ಲಿ ಬರೆದಿತ್ತು: 'ಹೊಸ ಎರಕ, ಹಳೆಯ ಅಚ್ಚು. ಕೆತ್ತಿದವಳು ಇಲ್ಲೇ ಇದ್ದಾಳೆ. ಎರಡು ಪೌಂಡ್.' ಅರ್ಧ ಗಂಟೆಯಲ್ಲಿ ಸಾಲು ಬಾಗಿಲು ದಾಟಿತು.

ಲಯನೆಲ್ ಓಡಿ ಬಂದ. "ಇವೆಲ್ಲ ನಕಲಿ!"

"ಹಾಗಾದ್ರೆ ನಿನ್ನ ಅಸಲಿ ತಂದು ಪಕ್ಕದಲ್ಲಿಡು ಮರಿ. ಜನ ನೋಡ್ಲಿ."

ಅವನು ರೋಷದಿಂದ ತನ್ನದನ್ನು ತಂದು ಅವಳ ಗೊಂಬೆಗಳ ನಡುವೆ ಕುಕ್ಕಿದ. ಹಳೆಯ ಸೀಸ ಕಪ್ಪಗಿರಬೇಕು. ಗಿರಾಕಿ ಮರುಳಾಗಲೆಂದು ಇವನು ಪಾಲಿಶ್ ಹಚ್ಚಿ ಉಜ್ಜಿ ಫಳಫಳ ಮಾಡಿದ್ದ. ಅವನಿಂದ ಹೋದ ತಿಂಗಳಷ್ಟೇ ಕಪ್ಪೆರಾಜನನ್ನು ಕೊಂಡಿದ್ದ ಹಲ್ಲಿನ ಡಾಕ್ಟರ್ ಪೆವರೆಲ್ ಭೂತಗನ್ನಡಿ ತೆಗೆದು ಒಂದೊಂದನ್ನೇ ಎತ್ತಿ ನೋಡಿದರು, ಇಟ್ಟರು, ಮತ್ತೆ ಎತ್ತಿದರು. ಲಯನೆಲ್ ಈನಿಡ್ ಮೇಲೆ ಕೂಗಾಡುವುದರಲ್ಲೇ ಮುಳುಗಿದ್ದ.

"ಲಯನೆಲ್," ಎಂದರು ಡಾಕ್ಟರು, "ಇದ್ರಲ್ಲಿ ನಿಮ್ಮದು ಯಾವ್ದು?"

ಅವನ ಕೈ ಒಂದರ ಮೇಲೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ. ಜೇಬಿನ ತಕ್ಕಡಿ ತೆಗೆದು ತೂಗಿದ. ಎಲ್ಲವೂ ಮೂವತ್ತೊಂದು ಗ್ರಾಂ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಿಮಗೇ ಗೊತ್ತಾಗ್ತಿಲ್ಲ," ಎಂದರು ಡಾಕ್ಟರು. "ನನ್ನ ಒಂಬೈನೂರು ವಾಪಸ್ ಕೊಡಿ."

ಈನಿಡ್‌ಗೆ ಎದೆ ತಣ್ಣಗಾಯಿತು. ಇಷ್ಟು ಸುಖ ಅವಳಿಗೆ ವರ್ಷಗಳಿಂದ ಸಿಕ್ಕಿರಲಿಲ್ಲ.

ಲಯನೆಲ್ ಕೈಗೆ ಸಿಕ್ಕ ಕಪ್ಪೆರಾಜನನ್ನು ಎತ್ತಿಕೊಂಡು ಹೊರಟ.

"ಏಯ್," ಎಂದಳು ಈನಿಡ್, "ದುಡ್ಡು?"

ಸಾಲಿನವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಹಿಂದಿರುಗಿ ಬಂದು ಎರಡು ಪೌಂಡ್ ಮೇಜಿನ ಮೇಲಿಟ್ಟ.