ಪುಕ್ಕಟೆ ಸಿಕ್ಕ ಒಂದು ಗಂಟೆ

ಅತ್ತೆ ತೀರಿಕೊಂಡಿದ್ದು ಶುಕ್ರವಾರ, ಹೊಳೆಯಾಚೆ ಇವಾನ್‌ಗೊರೊದ್‌ನಲ್ಲಿ. ಮೂರನೇ ದಿನ, ಭಾನುವಾರ ಹನ್ನೆರಡಕ್ಕೆ ಮಣ್ಣು ಎಂದು ನಾದಿನಿ ರಾಯಿಸಾ ಫೋನ್ ಮಾಡಿದಳು. ನಾವಿರುವುದು ಈಚೆ ದಡದ ನಾರ್ವಾದಲ್ಲಿ. ನಡುವೆ ಒಂದು ಸೇತುವೆ, ಆದರೆ ಎರಡು ದೇಶ. ಅತ್ತೆಯ ಮನೆಯ ಚಿಮಣಿ ನಮ್ಮ ಬಾಲ್ಕನಿಯಿಂದಲೇ ಕಾಣುತ್ತದೆ. ಆದರೂ ನನ್ನ ಗಂಡ ಅರ್ಕಾದಿ ತಾಯಿಯನ್ನು ನೋಡಿ ಎರಡು ವರ್ಷವಾಗಿತ್ತು. ಮಂಡಿನೋವಿನವನು, ಗಡಿ ತಪಾಸಣೆಯ ಸರದಿಯಲ್ಲಿ ಆರೇಳು ಗಂಟೆ ಹೇಗೆ ನಿಂತಾನು?

"ಪೆಟ್ಟಿಗೆಗೆ ಮೊಳೆ ಹೊಡೆಯೋ ಮುಂಚೆ ಅಮ್ಮನ ಹಣೆಗೊಂದು ಮುತ್ತು ಕೊಡ್ಬೇಕು. ಅಷ್ಟು ಸಾಕು ನಂಗೆ," ಎಂದ.

ನಸುಕಿಗೇ ಹೋಗಿ ನಿಂತೆವು. ಹತ್ತರ ಹೊತ್ತಿಗೆ ತಪಾಸಣೆಯ ಬಾಗಿಲು ಮುಟ್ಟಿದೆವು. ನಮ್ಮ ಹಿಂದೆ ಕೂಸನ್ನೆತ್ತಿಕೊಂಡ ಒಬ್ಬಳು, ಜೊತೆಗೆ ಮುದುಕ ಮುದುಕಿ, ಎಂಟು ಚೀಲ. ಕೂಸು ಚಳಿಗೆ ಅತ್ತೂ ಅತ್ತೂ ಸುಸ್ತಾಗಿತ್ತು.

"ನೀವು ಮುಂದೆ ಹೋಗಮ್ಮಾ," ಎಂದೆ.

"ಹೊತ್ತಾಗಲ್ವೇನೆ?" ಎಂದ ಅರ್ಕಾದಿ.

"ಚಳಿಗಾಲ ಬಂತು ಅಂತ ರಾತ್ರಿ ಊರಿಗೂರೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗ್ಸಿಲ್ವಾ? ಸರ್ಕಾರ ಪುಕ್ಕಟೆ ಕೊಡೋದೇ ವರ್ಷಕ್ಕೊಂದು ಗಂಟೆ. ಪುಣ್ಯಕ್ಕೆ ಖರ್ಚಾಗ್ಲಿ ಬಿಡು."

"ನಿಮ್ಮೆಜಮಾನ್ತಿ ಸ್ವರ್ಗಕ್ಕೂ ಈಗ್ಲೇ ಸರದಿ ಹಿಡೀತಿದಾರೆ," ಎಂದು ಹಿಂದಿನಿಂದ ಯಾರೋ ನಕ್ಕರು. ನಾನೂ ನಕ್ಕೆ.

ಎಂಟು ಚೀಲವನ್ನೂ ಸುರಿಸಿ, ನೋಡಿ, ಮತ್ತೆ ತುಂಬಿಸಿದರು. ಒಂದು ಗಂಟೆ ಹೋಯಿತು.

ಸೇತುವೆ ದಾಟಿದೆವು. ಆಚೆಯವರ ತಪಾಸಣೆ ಕೋಣೆಯ ಗೋಡೆ ಗಡಿಯಾರದಲ್ಲಿ ಹನ್ನೆರಡೂ ಕಾಲು. ನನ್ನ ಕೈಯಲ್ಲಿ ಹನ್ನೊಂದೂ ಕಾಲು. ಗಡಿಯಾರ ಹಿಂದಕ್ಕಿಡುವುದು ನಾವು ಮಾತ್ರ. ಆಚೆಯವರು ಮುಳ್ಳು ಮುಟ್ಟುವುದಿಲ್ಲ. ಈ ಊರಿನ ಮಕ್ಕಳಿಗೂ ಗೊತ್ತಿರುವ ಮಾತು. ಅವತ್ತು ನನ್ನ ಬುದ್ಧಿಗೆ ಅದೇನು ಮಂಕು ಕವಿದಿತ್ತೋ! ಅರ್ಕಾದಿ ಎರಡೂ ಗಡಿಯಾರ ನೋಡಿದ. ಅಲ್ಲಿಂದ ಬಿಟ್ಟ ಮೇಲೆ ಕುಂಟುತ್ತಲೇ ಓಡಿದ.

ನಾವು ಹೋಗುವಷ್ಟರಲ್ಲಿ ಮಣ್ಣು ಮುಚ್ಚಿ ಮಟ್ಟ ಮಾಡಿದ್ದರು.

"ಹನ್ನೆರಡು ಅಂದಿದ್ನಲ್ಲಣ್ಣಾ!" ರಾಯಿಸಾ ಅವನ ಎದೆಗೆ ಗುದ್ದಿದಳು. "ಪಾದ್ರಿಯ ಕೈಕಾಲು ಹಿಡ್ಕೊಂಡು ಇಪ್ಪತ್ತು ನಿಮಿಷ ತಡೆದೆ. ಎಲ್ಲಿ ಸತ್ತಿದ್ದೆ?"

ನಾನು ಬಾಯಿ ತೆರೆದೆ. ಅವನು ನನ್ನ ಕೈ ಅದುಮಿದ.

"ಸರದಿ ಉದ್ದ ಇತ್ತು ಕಣಮ್ಮಾ," ಎಂದ.

ಅವನು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆ ಮಾತನ್ನು ಅವನು ಇವತ್ತಿನವರೆಗೂ ಎತ್ತಿಲ್ಲ. ಆದರೆ ಗಂಟೆ ಎಷ್ಟೆಂದು ನನ್ನನ್ನು ಕೇಳುವುದಿಲ್ಲ. ಆ ಮಂಡಿ ಹಿಡಿದುಕೊಂಡು ಎದ್ದು ಹೋಗಿ ತಾನೇ ನೋಡಿ ಬರುತ್ತಾನೆ.