ಮನೆಯವರ ನಂಬರು

ಗುಡ್ಡ ಹತ್ತಲು ಕಾಂತಾ ಹದಿನೈದು ದಿನದಿಂದ ತಯಾರಿ ನಡೆಸಿದ್ದಳು. ಶಹಾಪುರದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಸೀರೆ ಮಡಚಿದ ಕೈ. ಚೀಲ ತುಂಬುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಎರಡು ಬಾಟಲಿ ನೀರು, ಸೀಟಿ, ಬ್ಯಾಟರಿ, ರೇನ್‌ಕೋಟು, ಕಾಲಿಗೆ ಹತ್ತುವ ಇಂಬಳಕ್ಕೆಂದು ಉಪ್ಪಿನ ಗಂಟು. ಹೊಸ ಬೂಟು ಕಚ್ಚಬಾರದೆಂದು ತನ್ನ ಮನೆಯಿದ್ದ ಅನಗೋಳದ ಓಣಿಯಲ್ಲಿ ದಿನಾ ಮುಂಜಾನೆ ನಡೆದು ರೂಢಿ ಮಾಡಿಕೊಂಡಿದ್ದಳು. ಇಷ್ಟು ಮುಂದಾಲೋಚನೆಯವಳಿಗೆ ಜೊತೆಗೊಬ್ಬರು ಬೇಕೆಂದು ಹೊಳೆಯಲಿಲ್ಲವೇ? ಹೊಳೆದಿತ್ತು. ಕರೆಯಲು ಯಾರೂ ಇರಲಿಲ್ಲ, ಅಷ್ಟೇ.

"ನಾ ಹೋದಮ್ಯಾಲರ ಎಲ್ಲೆರ ತಿರಗ್ಯಾಡಿ ಬಾ," ಎಂದು ಹಾಸಿಗೆ ಹಿಡಿದಿದ್ದ ಅವ್ವ ಹೇಳಿದ್ದಳು. ಆ ಮಾತೊಂದನ್ನು ನಡೆಸಬೇಕಿತ್ತು.

ಖಾನಾಪುರದಾಚೆ, ಗುಡ್ಡದ ಬುಡದ ಗೇಟಿನಲ್ಲಿ ಕಾವಲುಗಾರ ಸತ್ಯಪ್ಪ ರಿಜಿಸ್ಟರ್ ಮುಂದೆ ಸರಿಸಿದ.

"ಒಬ್ಬರನ್ನ ಬಿಡಂಗಿಲ್ರಿ ಅಕ್ಕಾರ. ಆ ಕಾಲೇಜ ಹುಡುಗ್ಯಾರ ಕೂಡ ಹೋಗ್ರಿ. ಇಲ್ಲಿ ಮನಿಯವರ ಹೆಸರು, ನಂಬರ ಬರೀರಿ. ಅದಿಲ್ಲದ ಗೇಟ ತೆಗಿಯಂಗಿಲ್ಲ."

ಎಲ್ಲ ತಯಾರಿಯೂ ಆ ಒಂದು ಖಾನೆಯ ಮುಂದೆ ಬಂದು ನಿಂತಿತು. ಕೊನೆಗೆ ಕಾಂತಾ ಬರೆದಳು: ಗೌರವ್ವ, ತಾಯಿ. ಮುಂದೆ ಅವ್ವನ ನಂಬರು.

ಗೌರವ್ವ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವಳ ಫೋನು ಮಾತ್ರ ಮಂಚದ ಬಾಜೂಕೇ ಇತ್ತು. ರೀಚಾರ್ಜ್ ಬಿಟ್ಟರೆ ಆ ನಂಬರು ಬೇರೆ ಯಾರದೋ ಪಾಲಾಗುತ್ತದೆ. ಅವ್ವನ ನಂಬರಿನಲ್ಲಿ ಗುರುತಿಲ್ಲದ ದನಿ 'ಹಲೋ' ಎನ್ನಬಾರದೆಂದು ಕಾಂತಾ ತಿಂಗಳು ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಳು.

ಸತ್ಯಪ್ಪ ಅಲ್ಲೇ ಫೋನು ಹಚ್ಚಿದ. ಬೀಗ ಹಾಕಿದ ಮನೆಯಲ್ಲಿ ಅದು ಬಡಿದುಕೊಳ್ಳುತ್ತಿರುವುದು ಇವಳಿಗೆ ಇಲ್ಲಿಂದಲೇ ಕೇಳಿಸಿದಂತಾಯಿತು.

"ಎತ್ತವಲ್ರಲ್ರಿ."

"ವಯಸ್ಸಾಗೇತ್ರಿ. ಕಿವಿ ಮಂದ."

"ಇರ್ಲಿ, ಸಂಜಿ ಏಳಕ್ಕ ಮತ್ತ ಹಚ್ಚತೀನಿ," ಎಂದು ಅವನು ಗೇಟು ತೆಗೆದ.

ಹುಡುಗಿಯರು ಒಳ್ಳೆಯವರೇ. ಕಡಿದಾದಲ್ಲಿ ಕೈ ಕೊಟ್ಟರು, ಚಕ್ಕುಲಿ ಕೊಟ್ಟರು. ತುದಿಯಲ್ಲಿ ತಮ್ಮ ಫೋಟೊ ಹೊಡೆಸಿಕೊಳ್ಳಲು ಫೋನನ್ನೂ ಇವಳ ಕೈಗೇ ಕೊಟ್ಟರು. ಹಸಿರು ಕಣಿವೆಯ ತುಂಬ ಮೋಡ ಇಳಿದಿತ್ತು. 'ನೋಡಿಲ್ಲೆ' ಎನ್ನಲು ಕಾಂತಾ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಚೀಲವಿತ್ತು. ಅಷ್ಟು ದೂರ ಬಂದದ್ದು ಯಾಕೆ ಎನ್ನಿಸಿ ಅಳು ಬಂತು.

ಖಾನಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದಳು. ಮನೆಯ ಬೀಗ ತೆಗೆಯುವಾಗ ಒಳಗೆ ಅವ್ವನ ಫೋನು ಬಡಿದುಕೊಳ್ಳುತ್ತಿತ್ತು. ಓಡಿಹೋಗಿ ಎತ್ತಿದಳು.

"ಗೌರವ್ವಾರ? ನಾ ಗುಡ್ಡದ ಗೇಟಿನ ಸತ್ಯಪ್ಪ. ಮಗಳು ಮನಿ ಮುಟ್ಟಿದ್ರೇನ್ರಿ?"

ಕಾಂತಾ ಅವ್ವನ ಮಂಚದ ಮೇಲೆ ಕುಳಿತಳು. ಮನೆ ಮುಟ್ಟಿದೆಯಾ ಎಂದು ಹದಿನಾಲ್ಕು ತಿಂಗಳಿಂದ ಅವಳನ್ನು ಯಾರೂ ಕೇಳಿರಲಿಲ್ಲ.

"ಮುಟ್ಟ್ಯಾಳಪಾ," ಎಂದಳು. "ಈಗ ಬಂದ್ಲು."

"ಛಲೋ ಆತು. ದಣದಿರತಾರ, ಕಾಲಿಗೆ ಬಿಸಿನೀರ ಕೊಡ್ರಿ."

"ಕೊಡತೀನಿ."

ಫೋನನ್ನು ಅದರ ಜಾಗದಲ್ಲಿಟ್ಟು, ಬೂಟು ಬಿಚ್ಚದೆಯೇ ಒಳಗೆ ಹೋಗಿ ನೀರು ಕಾಯಲಿಟ್ಟಳು.